ಇನ್ನೊಮ್ಮೆ ಬಿದ್ದರೆ ಸಂದೂಕಕ್ಕೆ

ಡ್ರೋನ್ ಇಟ್ಟುಕೊಂಡವನಿಗೆ ನೆಮ್ಮದಿ ಅನ್ನುವುದು ಇಲ್ಲ. ಏನಾದರೊಂದು ಆಗುತ್ತಲೇ ಇರುತ್ತದೆ. ನಾನು ಆಳಂದದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಮೇಲಿನಿಂದ ಹೊಲಗಳ ಚಿತ್ರ ತೆಗೆಯುವ ಹುಚ್ಚಿಗೆ ಒಂದು ಸಣ್ಣ ಕ್ಯಾಮೆರಾ ಡ್ರೋನ್ ತಂದೆ. ಮೊದಲ ತಿಂಗಳಲ್ಲೇ ನರೋಣಾದ ಹೊಲದಲ್ಲಿ ಅದರ ರೆಕ್ಕೆ ಮುರಿದು, ತೊಗರಿ ನೋಡುತ್ತ ನಿಂತಿದ್ದ ನಮ್ಮ ಹೆಡ್‌ಮಾಸ್ತರರ ಪಕ್ಕದಲ್ಲೇ ಧೊಪ್ಪನೆ ಬಿತ್ತು. ಒಂದು ಗೇಣು ಆಚೀಚೆ ಆಗಿದ್ದರೆ ಅವರ ತಲೆಯ ಮೇಲೇ. ರೆಕ್ಕೆಯಲ್ಲಿ ಮೊದಲೇ ಕೂದಲೆಳೆಯಷ್ಟು ಬಿರುಕಿತ್ತು, ನಾನು ನೋಡಿರಲಿಲ್ಲ.

ಹೆಂಡತಿ ಅಂದಳು, “ಇನ್ನೊಮ್ಮೆ ಬಿತ್ತಂದ್ರ ಸಂದೂಕದಾಗ ಹಾಕಿ ಕೀಲಿ ಹಾಕ್ತೇನಿ ನೋಡ್ರಿ.”

ಅಂದಿನಿಂದ ಪ್ರತಿ ಭಾನುವಾರ ರೆಕ್ಕೆ, ಸ್ಕ್ರೂ, ಮೋಟಾರಿನ ಧೂಳು, ಬ್ಯಾಟರಿ, ಎಲ್ಲವನ್ನೂ ಒಂದೊಂದಾಗಿ ನೋಡುತ್ತೇನೆ. ಶ್ರದ್ಧೆಯಿಂದಲ್ಲ, ಭಯದಿಂದ.

ಉಬ್ಬಿದ ಬ್ಯಾಟರಿ

ಒಂದು ಭಾನುವಾರ ನೋಡಿದರೆ ಬ್ಯಾಟರಿ ಪೂರಿಯ ಹಾಗೆ ಉಬ್ಬಿದೆ. ಉಬ್ಬಿದ್ದು ಯಾವಾಗ ಬೇಕಾದರೂ ಹೊತ್ತಿಕೊಳ್ಳಬಹುದು ಅಂತ ಓದಿದ್ದೆ. ಉಸಿರು ಬಿಗಿಹಿಡಿದು ಅದನ್ನು ಒಂದು ಮಣ್ಣಿನ ಗಡಿಗೆಯಲ್ಲಿಟ್ಟು, ಮೇಲೆ ಉಸುಕು ಸುರಿದು, ಅಂಗಳದ ಮೂಲೆಗೆ ಸೇರಿಸಿದೆ. ಸೋಮವಾರ ಅದನ್ನು ರಿಪೇರಿ ಅಂಗಡಿಗೆ ಒಪ್ಪಿಸುವ ವಿಚಾರ.

ಸೋಮವಾರ ಗಡಿಗೆಯೇ ಇಲ್ಲ. ಪಕ್ಕದ ಮನೆಯ ಚಾಚಿಯ ಕಟ್ಟೆಯ ಮೇಲೆ ಕೂತಿದೆ, ಅದರಲ್ಲಿ ಪುದೀನಾ!

“ಉಸುಕ ತುಂಬಿ ಸುಮ್ಮನ ಬಿದ್ದಿತ್ತಲ್ಲ ಬೇಟಾ, ಅದಕ್ಕ ಹಚ್ಚೀನಿ,” ಅಂದರು ಚಾಚಿ.

“ಒಳಗೊಂದು ಕರೀ ಸಾಮಾನ ಇತ್ತಲ್ಲ ಚಾಚಿ?” ನಾನು ಗಡಿಗೆಯೊಳಗೆ ಇಣುಕಿದೆ.

“ಅದಾ? ನಮ್ಮ ಅಡಗಿ ಮನಿ ಬಾಗಲಾ ಗಾಳಿಗಿ ಬಡೀತಿತ್ತು. ಒಲಿ ಬಾಜೂಕ ಬಾಗಲಿಗಿ ಅಡ್ಡ ಇಟ್ಟೀನಿ. ಭಾಳ ಛಲೋ ಕುಂತದ.”

ಜೇವರ್ಗಿಯ ಮಂಜು

ಅತ್ತೆಯ ಮನೆ ಜೇವರ್ಗಿಯಲ್ಲಿ. ಅಲ್ಲಿಯ ಹೊಲದ ಮೇಲೆ ಹಾರಿಸಬೇಕಿತ್ತು. ಮಾವನ ತಲೆಯ ಮೇಲೆ ಬಿದ್ದರೆ ಸಂದೂಕವಲ್ಲ, ನಾನೇ ಊರು ಬಿಡಬೇಕು. ಅದಕ್ಕೆ ಎರಡೆರಡು ಸಲ ಸ್ಕ್ರೂ ಬಿಗಿದೆ, ಮೆತ್ತನೆಯ ಬಟ್ಟೆಯಿಂದ ಕ್ಯಾಮೆರಾದ ಗಾಜು ಒರೆಸಿದೆ. ಕೈ ತೊಳೆದು ಬರುವಷ್ಟರಲ್ಲಿ ಅತ್ತೆ ಡ್ರೋನಿನ ಮುಂದೆ ಕೂತಿದ್ದರು.

“ಮಶಿನ್ ಮ್ಯಾಲ ಹೋಗಾಕತ್ತದ, ಬರೀ ಹಣಿಲೆ ಕಳಸಬಾರದು. ವಿಭೂತಿ ಹಚ್ಚೀನಿ ನೋಡ್ರಿ.”

ಅತ್ತೆಗೆ ಬೇಡ ಅನ್ನುವ ಧೈರ್ಯ ನನಗೆಲ್ಲಿಂದ ಬರಬೇಕು? ಎಲ್ಲಿ ಹಚ್ಚಿದರು ಅಂತ ನೋಡಲೂ ಇಲ್ಲ, ಹಾರಿಸಿದೆ. ಕಣ್ಣು ರೆಕ್ಕೆಗಳ ಮೇಲೇ ಇತ್ತು. ಇಳಿಸಿದ ಮೇಲೆ ವಿಡಿಯೋ ಹಚ್ಚಿದರೆ, ಬಿರುಬಿಸಿಲಿನ ಹೊಲದ ತುಂಬ ಬೆಳ್ಳನೆಯ ಮಂಜು! ಅತ್ತೆ ಆರಿಸಿಕೊಂಡ ಹಣೆ ಕ್ಯಾಮೆರಾದ ಗಾಜು.

ಒರೆಸಿ ಮತ್ತೆ ತೆಗೆಯುತ್ತೇನೆ ಅಂದರೆ ಮಾವ ಒಪ್ಪಲಿಲ್ಲ. ಅದನ್ನೇ ಫೋನಿಗೆ ಹಾಕಿಸಿಕೊಂಡು ಓಣಿಯೆಲ್ಲ ತೋರಿಸಿದರು. “ನಮ್ಮ ಹೊಲದಾಗ ಎಂಥಾ ಥಂಡಿ ಅದ ನೋಡ್ರಿ. ಇಷ್ಟ ವರ್ಷ ನಮಗ ಗೊತ್ತೇ ಆಗಿರಲಿಲ್ಲ.”

ಗಾಣಗಾಪುರದ ಆಯಿ

ಅಫಜಲಪುರ ತಾಲೂಕಿನ ಗಾಣಗಾಪುರಕ್ಕೆ ದರ್ಶನಕ್ಕೆ ಹೋಗಿದ್ದೆವು. ಹೆಂಡತಿ ಪ್ರಸಾದಕ್ಕೆ ನಿಂತಳು. ನಾನು ಊರಿನಿಂದ ದೂರ, ಭೀಮೆಯ ದಂಡೆಯ ಖಾಲಿ ಹೊಲಕ್ಕೆ ಹೋದೆ. ಹೊಸ ಜಾಗದಲ್ಲಿ ಡ್ರೋನಿಗೆ ಮೊದಲು ದಿಕ್ಕು ತಿಳಿಸಬೇಕು: ಎರಡೂ ಕೈಯಲ್ಲಿ ಹಿಡಿದು ನಾವೇ ಸುತ್ತು ತಿರುಗಬೇಕು. ತಿಳಿಯದಿದ್ದರೆ ಎತ್ತಲೋ ಹಾರಿ ಯಾರ ಮೇಲೋ ಬೀಳುತ್ತದೆ. ತಿರುಗಿದೆ, ಆಗಲಿಲ್ಲ. ಮೂತಿ ಕೆಳಗೆ ಮಾಡಿ ತಿರುಗಿದೆ, ಆಗಲಿಲ್ಲ. ಹೆದರಿಕೆಗೆ ಬೆವರುತ್ತ, “ಇನ್ನೊಮ್ಮೆ, ಇನ್ನೊಮ್ಮೆ” ಅಂತ ಬಡಬಡಿಸುತ್ತ ಗಿರಗಿರ ತಿರುಗಿದೆ.

ಅದು ಮಧ್ಯಾಹ್ನದ ಆರತಿಯ ಹೊತ್ತು. ಗಾಳಿ ಸೋಕಿದವರು ಗುಡಿಯಲ್ಲಿ ಹೀಗೇ ತಿರುಗುತ್ತಾರೆ ಅನ್ನುವುದು ನನಗೆ ನೆನಪಾಗಲಿಲ್ಲ. ಹೊಳೆಯಿಂದ ಬರುತ್ತಿದ್ದ ಒಬ್ಬ ಮುದುಕಿಗೆ ಅದೇ ಮೊದಲು ನೆನಪಾಯಿತು. ಬಂದು ನನ್ನ ಜುಟ್ಟು ಹಿಡಿದಳು.

“ಯಾರಲೇ ನೀ? ಎಲ್ಲಿಂದ ಬಂದೀ?”

ಹೆದರಿ ಇದ್ದದ್ದು ಹೇಳಿದೆ. “ಆಳಂದದಿಂದ್ರಿ ಆಯಿ. ಮಾಸ್ತರ ಇದ್ದೇನಿ.”

“ಮಾಸ್ತರನ ದೆವ್ವ ಅದ,” ಅಂತ ಮುದುಕಿ ಹಿಂದಿದ್ದ ಸೊಸೆಗೆ ಹೇಳಿದಳು. “ಹಂಗ ಬಿಡಂಗಿಲ್ಲ ಇದು.”

ಅಷ್ಟರಲ್ಲಿ ಪ್ರಸಾದ ಹಿಡಿದು ನನ್ನನ್ನು ಹುಡುಕುತ್ತ ಹೆಂಡತಿ ಬಂದಳು. ಬದುಕಿದೆ ಅಂದುಕೊಂಡೆ.

“ಯಾವಾಗಿಂದ ಹಿಂಗ ಆಗ್ಯಾದ ಅವ್ವಾ?” ಮುದುಕಿ ಕೇಳಿದಳು.

ಹೆಂಡತಿ ನನ್ನನ್ನು ನೋಡಿದಳು, ಡ್ರೋನನ್ನು ನೋಡಿದಳು. “ಎರಡು ವರ್ಷ ಆತ್ರಿ ಆಯಿ. ಐತವಾರ ಬಂತಂದ್ರ ಚಾಪಿ ಮ್ಯಾಲ ಇದನ್ನ ಇಟಗೊಂಡು ಕೂಡ್ತಾರ. ಯಾರ ಜೋಡಿನೂ ಮಾತಿಲ್ಲ. ಹಲ್ಲ ತಿಕ್ಕೋ ಬ್ರಷ್‌ಲೆ ಇದನ್ನ ತಿಕ್ಕತಾರ, ಕಿವಿ ಹತ್ರ ಹಿಡದು ಸಪ್ಪಳ ಕೇಳ್ತಾರ. ಊಟದ ನೆಪ್ಪ ಸೈತ ಇರಂಗಿಲ್ಲ.”

ಒಂದು ಮಾತೂ ಸುಳ್ಳಲ್ಲ.

“ಐದು ಅಮಾಸಿಗಿ ಕರಕೊಂಡು ಬಾ,” ಮುದುಕಿ ಅಪ್ಪಣೆ ಕೊಟ್ಟಳು. “ಅಲ್ಲೀತನ ಆ ಸಾಮಾನ ಇಂವನ ಕೈಗಿ ಕೊಡಬ್ಯಾಡ.”

ಡ್ರೋನ್ ಬಿದ್ದಿರಲಿಲ್ಲ. ರೆಕ್ಕೆಯಲ್ಲಿ ಬಿರುಕಿರಲಿಲ್ಲ, ಒಂದು ಸ್ಕ್ರೂ ಸಡಿಲ ಇರಲಿಲ್ಲ. ಆದರೂ ಅದು ಈಗ ಸಂದೂಕದಲ್ಲಿದೆ. ಎರಡು ಅಮಾವಾಸ್ಯೆ ಮುಗಿದವು. ಬ್ಯಾಟರಿ ಒಳಗೇ ಉಬ್ಬಿದರೆ ಏನು ಗತಿ ಅಂತ ನನಗೆ ನಿದ್ದೆ ಹತ್ತುವುದಿಲ್ಲ. ಮೊನ್ನೆ ಭಾನುವಾರ ಸಂದೂಕದ ಮುಂದೆ ನಿಂತು ಮೆಲ್ಲಗೆ ಅಂದೆ, “ಧೂಳ ಕುಂತಿರತದ. ಬರೀ ಒಮ್ಮಿ ಒರಸಿ ಇಟ್ಟಬಿಡ್ತೇನಿ.”

ಹೆಂಡತಿ ಒಳಗಿನಿಂದಲೇ ಹೇಳಿದಳು, “ಆಯಿ ಹೇಳಿದ್ದು ಖರೇ ಅದ. ಇನ್ನಾ ಬಿಟ್ಟಿಲ್ಲ.”