ಡಿಸ್ಕಿನೊಳಗಿನ ಬೀಗ

ಸತ್ತ ಸೋದರಮಾವ ಡುವೊಡು ಅವರ ಪೋಸ್ಟರ್ ಅಚ್ಚಿಗೆ ಹೋಗಬೇಕಾದ ದಿನವೇ, ಅದನ್ನು ತಯಾರಿಸುತ್ತಿದ್ದ ಅಡೊಮಾಕೊ ತನ್ನ ಲ್ಯಾಪ್‌ಟಾಪಿನ ಪಾಸ್‌ವರ್ಡ್ ಮರೆತ.

ಘಾನಾದ ಕುಮಾಸಿಯಲ್ಲಿ ಗೋಡೆಗೋಡೆಗೂ ಪೋಸ್ಟರ್ ಅಂಟಿಸದೆ ಯಾರನ್ನೂ ಮಣ್ಣು ಮಾಡುವುದಿಲ್ಲ. ಚಿತ್ರದಲ್ಲಿ ಮಾವನಿಗೆ ಯಾವ ಉಡುಪು ಎಂದು ಮನೆಯಲ್ಲಿ ವಾರವಿಡೀ ಜಗಳ. ಚಿಕ್ಕಮ್ಮ ಸೆರ್ವಾಗೆ ಹೆಗಲ ಮೇಲೆ ಹೊದೆಯುವ ಬಣ್ಣಬಣ್ಣದ ಕೆಂಟೆ ಬಟ್ಟೆಯೇ ಆಗಬೇಕು. ಮಾವನ ಹೆಂಡತಿ ಪೊಕುವಾ ಅತ್ತೆಗೆ ತಾವು ಹೊಲಿಸಿಕೊಟ್ಟ ಸೂಟು. ಕೊನೆಗೆ ಮನೆತನದ ಯಜಮಾನ, ದೊಡ್ಡಮಾವ ಬ್ರೆಂಪಾಂಗ್, ಬಿಳಿ ಅಂಗಿ ಸಾಕೆಂದು ತೀರ್ಪು ಕೊಟ್ಟರು. ಅದನ್ನು ಬದಲಿಸಿದವರು ಕುರಿ ತಂದು ಕಟ್ಟಿ ತಪ್ಪೊಪ್ಪಿಕೊಳ್ಳಬೇಕು ಎಂದೂ ಹೇಳಿದರು.

"ಯಾರೂ ಬದಲಿಸೋಕಾಗಲ್ಲ ಮಾವ," ಎಂದು ಅಡೊಮಾಕೊ ಜಂಬ ಕೊಚ್ಚಿದ್ದ. "ಬೀಗ ಡಿಸ್ಕಿನೊಳಗೇ ಇದೆ, ಕಾರ್ಖಾನೆಯವರೇ ಹಾಕಿರೋದು. ನನ್ನ ಬಿಟ್ಟು ದೇವರು ಬಂದ್ರೂ ತೆಗೆಯೋಕಾಗಲ್ಲ." ಅದನ್ನೇ ನಂಬಿ ಲ್ಯಾಪ್‌ಟಾಪನ್ನು ಅಂಗಳದ ಮೇಜಿನ ಮೇಲೆ ಬಿಟ್ಟು ಊಟಕ್ಕೆ, ನಿದ್ದೆಗೆ, ಚರ್ಚಿಗೆ ಹೋಗಿಬರುತ್ತಿದ್ದ.

ಈಗ ಅವನಿಗೇ ತೆಗೆಯಲಾಗುತ್ತಿಲ್ಲ. ತಾನು ಹುಟ್ಟಿದ ತಾರೀಖು ಹೊಡೆದ. ಫುಟ್‌ಬಾಲ್ ತಂಡದ ಹೆಸರು ಹೊಡೆದ. ಅಚ್ಚಿನ ಅಂಗಡಿಯವನು ಫೋನಿನ ಮೇಲೆ ಫೋನು ಮಾಡುತ್ತಿದ್ದ.

"ಆ ಅನ್ನ ಮಾರೋ ಹುಡುಗಿ ಹೆಸರು ಹೊಡೆದು ನೋಡೋ," ಎಂದರು ಅತ್ತೆ.

ಅಡೊಮಾಕೊ ತಲೆ ತಗ್ಗಿಸಿ ಅದನ್ನೂ ಹೊಡೆದ. ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. ಬೀಗ ಮಾತ್ರ ಜಗ್ಗಲಿಲ್ಲ.

"ಏನೂ ಹೊಡೀಬೇಡ್ವೋ, ಸುಮ್ನೆ ಆ ದೊಡ್ಡ ಎಂಟರ್ ಕೀ ಒತ್ತು," ಎಂದರು ಬೇಸತ್ತ ಚಿಕ್ಕಮ್ಮ.

"ಒಂದ್ಸಲ ಅಲ್ಲ, ಎರಡ್ಸಲ," ಎಂದ ಅತ್ತೆ ತಟ್ಟನೆ ಬಾಯಿ ಮುಚ್ಚಿಕೊಂಡು ಕೆಮ್ಮತೊಡಗಿದರು.

ಒತ್ತಿದ. ತೆರೆದುಕೊಂಡಿತು! ಅವನ ಪಾಸ್‌ವರ್ಡಿನ ಜೊತೆಗೆ ಕಾರ್ಖಾನೆಯವರು ತಮ್ಮದೂ ಒಂದನ್ನು ಇಟ್ಟಿದ್ದರು. ಅದರಲ್ಲಿ ಒಂದಕ್ಷರವೂ ಇಲ್ಲ, ಬರೀ ಖಾಲಿ.

ಪರದೆಯ ಮೇಲೆ ಡುವೊಡು ಮಾವ ಸೂಟು ತೊಟ್ಟು, ಮೇಲೆ ಕೆಂಟೆ ಹೊದ್ದು, ಕೊರಳಲ್ಲಿ ಹಗ್ಗದಷ್ಟು ದಪ್ಪದ ಚಿನ್ನದ ಸರ ಹಾಕಿಕೊಂಡು ಮದುಮಗನಂತೆ ನಗುತ್ತಿದ್ದರು.

"ಯಾರೋ ಇದನ್ನ ಮಾಡಿದ್ದು?" ದೊಡ್ಡಮಾವ ಗುಡುಗಿದರು.

"ನಾನಲ್ಲ ಮಾವ! ಈಗ ನೋಡಿದ್ರಲ್ಲ, ಯಾರು ಬೇಕಾದ್ರೂ ತೆಗೀಬಹುದು..."

"ದೇವರು ಬಂದ್ರೂ ತೆಗೆಯೋಕಾಗಲ್ಲ ಅಂದೋನು ಯಾರೋ?"

"ಹೌದೌದು, ನಾವೂ ಕೇಳಿಸ್ಕೊಂಡಿದೀವಿ," ಎಂದರು ಚಿಕ್ಕಮ್ಮ ಮತ್ತು ಅತ್ತೆ. ಆ ವಾರದಲ್ಲಿ ಇಬ್ಬರಿಗೂ ಹೊಂದಿಕೆಯಾದದ್ದು ಅದೊಂದೇ ಮಾತು.

ಅಡೊಮಾಕೊಗೆ ಅಳು ಬರುವುದೊಂದು ಬಾಕಿ.

"ಸಂಜೆಯೊಳಗೆ ಎರಡು ಕುರಿ ತಂದು ಕಟ್ಟು," ಎಂದರು ದೊಡ್ಡಮಾವ. "ಸೂಟಿಗೊಂದು, ಕೆಂಟೆಗೊಂದು. ಎರಡನ್ನೂ ಈಗಲೇ ತೆಗಿ."

"ಸರ, ಮಾವ?"

ದೊಡ್ಡಮಾವ ತಮ್ಮ ಕೊರಳಲ್ಲಿದ್ದ ಅಂಥದೇ ಸರವನ್ನು ಮೆಲ್ಲಗೆ ಬಟ್ಟೆಯೊಳಗೆ ಸರಿಸಿಕೊಂಡರು.

"ಅದಿರಲಿ ಬಿಡು. ಒಪ್ಪುತ್ತೆ."