ಗಾತ್ರದ ಪಾಠ ಮತ್ತು ಸಾಹೇಬರ ಷರಾ

ಮಕ್ಕಳಿಗೆ ಗಾತ್ರ ಕಲಿಸಲು ನೀರು, ಲೋಟ, ಅಕ್ಕಿ ಹಿಡಿದು ಕೂತಾಗಲೆಲ್ಲ ನನ್ನ ವರ್ಗದಲ್ಲಿ ಏನಾದರೊಂದು ಆಗಿಯೇ ತೀರುತ್ತದೆ, ಅದನ್ನು ನೋಡಲೆಂದೇ ಒಬ್ಬ ಸಾಹೇಬರು ತಪಾಸಣೆಗೆ ಬಂದಿರುತ್ತಾರೆ. ಔರಾದ್, ಭಾಲ್ಕಿ, ಬೀದರ್ ಎಂದು ಮೂರು ಕಡೆ ನೌಕರಿ ಮಾಡಿದ ನನಗಿದ್ದ ಆಸೆ ಒಂದೇ: ಸಂದರ್ಶಕರ ಪುಸ್ತಕದಲ್ಲಿ ಈ ಪಾಠಕ್ಕೆ ಒಂದು ಒಳ್ಳೆಯ ಷರಾ. ಮಕ್ಕಳು ಕಲಿತರೆ ಸಾಲದು, ಕಲಿತದ್ದು ಸಾಹೇಬರಿಗೆ ಗೊತ್ತಾಗಬೇಕಲ್ಲ.

ಎರಡೂ ಅಷ್ಟೇ

ಮೊದಲನೆಯದು ಔರಾದ್ ಕಡೆ, ಠಾಣಾ ಕುಶನೂರಿನ ಹತ್ತಿರದ ಶಾಲೆ. ಒಂದೇ ಅಳತೆಯ ನೀರನ್ನು ಎತ್ತರದ ಲೋಟಕ್ಕೂ ಅಗಲದ ಪರಾತಕ್ಕೂ ಹಾಕಿದರೆ, ಲೋಟದಲ್ಲೇ ಹೆಚ್ಚಿದೆ ಎಂದು ಸಣ್ಣ ಮಕ್ಕಳು ತಪ್ಪು ಹೇಳುತ್ತಾರೆ, ಆಗ ತಿದ್ದಿ ಎಂದು ತರಬೇತಿಯಲ್ಲಿ ಹೇಳಿದ್ದರು. ತಿದ್ದಲು ನಲವತ್ತು ನಿಮಿಷದ ವಿವರಣೆ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ.

"ಯಾವುದರಾಗ ಹೆಚ್ಚದ?" ಎಂದು ಕೇಳಿದೆ.

ಮುಂದಿನ ಸಾಲಿನ ಹುಡುಗಿ, "ಎರಡೂ ಅಷ್ಟೇ ಅದರಿ," ಎಂದಳು.

"ಹ್ಯಾಂಗ ಗೊತ್ತಾತು?"

"ಈಗ ನೀವೇ ಅಳದು ಹಾಕಿದ್ರಲ್ರಿ. ಮರತ್ರೇನ್ರಿ?"

ಬಾಗಿಲಲ್ಲಿ ನಿಂತಿದ್ದ ಸಾಹೇಬರು ಗಡಿಯಾರ ನೋಡಿ ಬರೆದರು: 'ಶಿಕ್ಷಕಿಯು ಪಾಠವನ್ನು ಎರಡು ನಿಮಿಷದಲ್ಲಿ ಮುಗಿಸಿ ಸುಮ್ಮನೆ ನಿಂತಿದ್ದರು.'

ಮನೆಯ ಲೀಟರು

ಮುಂದೆ ಭಾಲ್ಕಿ ಕಡೆಯ ಊರಿಗೆ ವರ್ಗವಾಯಿತು. ಮನೆಯಿಂದ ಒಂದು ಲೀಟರಿನ ಅಳತೆ ತನ್ನಿ ಎಂದಿದ್ದೆ. ಹಾಲು ಮಾರುವವರ ಮಗಳು ಅಪ್ಪನ ಅಳತೆಪಾತ್ರೆಯನ್ನೇ ತಂದಳು. ಶಾಲೆಯ ಲೀಟರ್ ಬಾಟಲಿಯ ನೀರನ್ನು ಅದಕ್ಕೆ ಸುರಿದರೆ, ಪಾತ್ರೆ ತುಂಬಿ ಇನ್ನೊಂದು ಲೋಟದಷ್ಟು ನೀರು ಸಾಹೇಬರ ಬೂಟಿನ ಮೇಲೆ ಹೋಯಿತು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ.

ಮರುದಿನ ಅಪ್ಪ ಬಂದರು. "ಟೀಚರ್ರಿ, ಪೋರಿಗಿ ಲೆಕ್ಕ ಏನ್ ಬೇಕಾದ್ರ ಕಲಸ್ರಿ. ನಮ್ಮ ಲೀಟರಿಗಿ ಯಾಕ ಕೈ ಹಚ್ತೀರಿ?"

ಅದೇ ಲೀಟರಿನಲ್ಲಿ ಹಾಲು ಕೊಳ್ಳುತ್ತಿದ್ದ ನನಗೆ ಸಿಟ್ಟು ಬರಬೇಕಿತ್ತು, ಅವರಿಗೆ ಬಂದಿತ್ತು. ಸಾಹೇಬರ ಷರಾ ಮಾತ್ರ ಚಿಕ್ಕದು: 'ಶಾಲೆಯಲ್ಲಿ ನೀರು ಪೋಲಾಗುತ್ತಿದೆ.'

ಮೊದಲ ಡಬ್ಬಿ

ಈಗಿರುವುದು ಬೀದರ್ ನಗರದ ಶಾಲೆ. ನೀರಿನ ಸಹವಾಸವೇ ಬೇಡವೆಂದು ಅಂದಿನ ಬಿಸಿಯೂಟದ ಅಕ್ಕಿಯನ್ನೇ ವರ್ಗಕ್ಕೆ ತರಿಸಿದೆ. ಬೋಗಾಣಿಗೆ ಎಷ್ಟು ಡಬ್ಬಿ ಅಕ್ಕಿ ಹಿಡಿಯುತ್ತದೆಂದು ಮಕ್ಕಳು ಅಳೆದು ಹೇಳಬೇಕು. ಸಾಹೇಬರು ಕುರ್ಚಿಯಲ್ಲಿ ಕೂತಿದ್ದರು. ಎರಡನೇ ತರಗತಿಯ ಹುಡುಗಿ ಮೊದಲ ಡಬ್ಬಿ ಸುರಿದು, "ಲಾಭ," ಎಂದಳು. ಆಮೇಲೆ, "ಎರಡು, ಮೂರು..."

ನಮ್ಮ ಕಡೆ ಧಾನ್ಯ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಒಂದು ಎಂದರೆ ಧಾನ್ಯ ಸಾಲದೆ ಹೋಗುತ್ತದಂತೆ. ಆದರೆ ಸಾಹೇಬರು ಪುಸ್ತಕದ ಪ್ರಕಾರ ನಡೆಯುವವರು.

"ಒಂದು ಎಲ್ಲಿ ಹೋತ್ರಿ? ಮಕ್ಕಳಿಗೆ ಒಂದೂ ಬರಲ್ಲ ಅಂತ ಬರೀಲೇನು?" ಎಂದು ನನ್ನತ್ತ ತಿರುಗಿದರು.

ಮೂರನೆಯ ಷರಾವೂ ಕೈತಪ್ಪಿತೆಂದುಕೊಂಡೆ. ಸಾಹೇಬರು ಅಕ್ಕಿಯನ್ನೆಲ್ಲ ಮರಳಿ ಚೀಲಕ್ಕೆ ಸುರಿಸಿ, ತಾವೇ ಡಬ್ಬಿ ತುಂಬಿ, ಓಣಿಗೆಲ್ಲ ಕೇಳುವಂತೆ "ಒಂದು" ಎಂದರು.

ಹುಡುಗಿ ಮೆಲ್ಲಗೆ, "ಇವತ್ತ ಅನ್ನ ಸಾಲಲ್ರಿ," ಎಂದಳು.

ಊಟದ ಹೊತ್ತಿಗೆ ಸಾಹೇಬರ ಡ್ರೈವರು, ಗುಮಾಸ್ತರು ಮಕ್ಕಳ ಜೊತೆಗೇ ಕೂತು ಎರಡೆರಡು ಸಲ ನೀಡಿಸಿಕೊಂಡರು. ರುಚಿ ನೋಡುವೆನೆಂದು ಸಾಹೇಬರು ಕೊನೆಗೆ ತಟ್ಟೆ ಹಿಡಿದರೆ ಪಾತ್ರೆ ಖಾಲಿ.

ಅಡುಗೆಯಾಕೆ ಸೌಟು ಕೆಳಗಿಟ್ಟು, "ನಂದೇನ್ ತಪ್ಪದರಿ ಸಾಹೇಬ್ರ? ಅಕ್ಕಿ ಅಳಿಯಾಗ ನೀವೇ ಒಂದು ಅಂದ್ರಂತಲ್ರಿ," ಎಂದಳು.

ಸಾಹೇಬರು ಬರೀ ಚಹಾ ಕುಡಿದು ಪುಸ್ತಕ ತರಿಸಿದರು. ಅಂತೂ ನನಗೆ ಒಳ್ಳೆಯ ಷರಾ ಸಿಕ್ಕಿತು: 'ಮಕ್ಕಳಿಗೆ ಗಾತ್ರದ ಪರಿಜ್ಞಾನ ಚೆನ್ನಾಗಿದೆ. ಇನ್ನು ಮುಂದೆ ಬಿಸಿಯೂಟದ ಅಕ್ಕಿ ಅಳೆಯುವಾಗ ಮೊದಲನೇ ಡಬ್ಬಿಗೆ ಲಾಭ ಎನ್ನತಕ್ಕದ್ದು.'