ಕೋಣೆ ಕಂಪ್ಯೂಟರಿಗೋ, ಶೇವಿಗೆಗೋ?

ಹೆಂಡತಿಯ ಮೇಲೆ ತಪ್ಪು ಹೊರಿಸುವುದು ಸುಲಭದ ಕೆಲಸವಲ್ಲ. ಹೊರಿಸಿದ ಮೇಲೆ ಅದು ಅಲ್ಲೇ ನಿಲ್ಲುವಂತೆ ನೋಡಿಕೊಳ್ಳುವುದು ಇನ್ನೂ ಕಷ್ಟ. ಅಣ್ಣಿಗೇರಿಯ ಅಡತಿ ವ್ಯಾಪಾರಿ ಮಡಿವಾಳೆಪ್ಪ ಈ ಎರಡೂ ಸಾಹಸಗಳನ್ನು ಒಂದೇ ಯುಗಾದಿಯ ಮುಂದೆ ಕೈಗೆತ್ತಿಕೊಂಡ. ಧೈರ್ಯವಂತ, ಪಾಪ.

ಎಂಬತ್ತೆಂಟನೇ ಇಸವಿಯಲ್ಲಿ ಅವನು ಹುಬ್ಬಳ್ಳಿಯಿಂದ ಕಂಪ್ಯೂಟರು ತಂದ. ರೈತರ ಕಾಳು ಮಾರಿಸಿಕೊಟ್ಟು ಅವರಿಗೆ ಕೊಡುವ ಲೆಕ್ಕದ ಪಟ್ಟಿಯನ್ನು ಅದು ಕನ್ನಡದಲ್ಲಿ ಟಕಟಕನೆ ಅಚ್ಚು ಮಾಡಿ ಕೊಡುತ್ತಿತ್ತು. ಊರಿಗೆ ಊರೇ ಬಂದು ನೋಡಿ ಹೋಯಿತು. ಯಂತ್ರಕ್ಕೆ ಧೂಳು ಆಗದು ಎಂದು ಎಂಜಿನಿಯರ ಇಮಾಮುದ್ದೀನ ಹೇಳಿದ್ದರಿಂದ ಮನೆಯೊಳಗಿನ ಒಂದೇ ಒಂದು ಧೂಳಿಲ್ಲದ ಕೋಣೆ ಅದರ ಪಾಲಾಯಿತು. ಆ ಕೋಣೆ ಅಲ್ಲಿಯವರೆಗೆ ಅವನ ಹೆಂಡತಿ ರೇವವ್ವನ ಶೇವಿಗೆಯ ಕೋಣೆಯಾಗಿತ್ತು. ಅವಳ ಶೇವಿಗೆ ಮಷೀನು, ಅದಕ್ಕೆ ಹಚ್ಚಿದ ಮೋಟರು, ಒಣಹಾಕುವ ಗಳ, ಎಲ್ಲವೂ ಗಂಟುಮೂಟೆ ಕಟ್ಟಿಕೊಂಡು ಪಡಸಾಲೆಗೆ ಬಂದವು. ಪಡಸಾಲೆಗೆ ಮುಂದಿನ ಅಂಗಡಿಯಿಂದ ಗಾಳಿ ಬೀಸಿದರೆ ಜೋಳದ ಹೊಟ್ಟು ಸಮೇತ ಬೀಸುತ್ತಿತ್ತು.

"ಶೇವಿಗಿ ಪಾಯಸದಾಗ ಗೋಡಂಬಿ ಹಾಕತಾರ. ನಮ್ಮ ಮನ್ಯಾಗ ಹೊಟ್ಟು ಹಾಕತೀವಿ," ಎಂದು ರೇವವ್ವ ಬಂದ ಬೀಗರಿಗೆಲ್ಲ ಹೇಳುತ್ತಿದ್ದಳು. ಮಡಿವಾಳೆಪ್ಪನಿಗೆ ಅದು ಕೇಳಿಸುತ್ತಿರಲಿಲ್ಲ. (ಕೇಳಿಸದಂತೆ ಇರುವುದೂ ಸಂಸಾರದಲ್ಲಿ ಒಂದು ವಿದ್ಯೆ.)

ಈಗ ಆ ಯುಗಾದಿಯ ಮಾತು. ಹೊಸ ವರ್ಷ ಬರುವ ಮುಂದೆ ಗೋದಾಮು ಹಸನು ಮಾಡುವುದು ಮಡಿವಾಳೆಪ್ಪನ ಮನೆತನದ ಪದ್ಧತಿ. ಯಾರದೆಂದು ಗೊತ್ತಿಲ್ಲದ ಮಾಲು, ಹುಳ ಹತ್ತಿದ ಮಾಲು, ಹರಿದ ಚೀಲ, ಏನಿದ್ದರೂ ಹೊರಗೆ. ಗೋದಾಮು ಹಸನಾದ ಮೇಲೂ ಅವನ ಕೈ ಸುಮ್ಮನಿರಲಿಲ್ಲ. ರೇವವ್ವ ಓಣಿಗೆ ಹೋದ ಹೊತ್ತು ನೋಡಿ ಕಂಪ್ಯೂಟರಿನ ಮುಂದೆ ಕುಳಿತ. ಒಳಗಿರುವ ಫೈಲುಗಳ ಹೆಸರು ಒಂದರ ಕೆಳಗೊಂದು ಬಂದವು. ಕಣ್ಣು ಕಿರಿದು ಮಾಡಿ ನೋಡಿದ. ನಲವತ್ತೆಂಟು ದಾಟಿದ್ದರೂ ಕನ್ನಡಕ ಹಾಕಲೊಲ್ಲ ಮನುಷ್ಯ. ದೂರದ ತಕ್ಕಡಿಯ ಮುಳ್ಳು ನಿಚ್ಚಳ ಕಾಣುತ್ತಿತ್ತು, ಹತ್ತಿರದ ಹಸಿರು ಅಕ್ಷರಗಳು ಮಾತ್ರ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಅಂತೂ ಗೊತ್ತಿರುವ ಹೆಸರು ಒಂದೂ ಕಣ್ಣಿಗೆ ಬೀಳಲಿಲ್ಲ. ಗುರುತಿಲ್ಲದವರ ಮಾಲು ನಮ್ಮ ಗೋದಾಮಿನಲ್ಲಿ ಯಾಕೆ? ಇಮಾಮುದ್ದೀನ ಕಲಿಸಿಕೊಟ್ಟಿದ್ದ ಅಳಿಸುವ ಹುಕುಮನ್ನು ಹೊಡೆದು ಹೊಡೆದು ಎಲ್ಲವನ್ನೂ ಹೊರಗೆ ಹಾಕಿದ. ಮನಸ್ಸು ಹಗುರಾಯಿತು.

ಮರುದಿನ ಸ್ವಿಚ್ಚು ಒತ್ತಿದರೆ ಕಂಪ್ಯೂಟರು ಒಂದು ಸಾಲು ಇಂಗ್ಲಿಷು ಬರೆದು ಸುಮ್ಮನೆ ಕುಳಿತುಬಿಟ್ಟಿತು. ಓದಲು ಎಂದಿನಂತೆ ರೇವವ್ವನನ್ನು ಕರೆದ. ಅವಳು ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಬಿಟ್ಟು ಉಳಿದಿದ್ದರಲ್ಲೆಲ್ಲ ಪಾಸಾದವಳು.

"‘ಹುಕುಂ ತಿಳಕೊಳ್ಳಾವ ಕೆಟ್ಟಾನ, ಇಲ್ಲಾ ಕಾಣಿ ಆಗ್ಯಾನ’ ಅಂತ ಬರದೈತ್ರಿ. ಯಾರ ಬಗ್ಗೆ ಹೇಳಾಕತ್ತೈತಿ ಇದು?"

ಮಡಿವಾಳೆಪ್ಪನಿಗೆ ಒಳಗೇ ಚುರಕ್ ಎಂದಿತು. ಆದರೆ ಗಂಡಸಿನ ಬಾಯಿ ಎದೆಗಿಂತ ಮುಂದೆ ಓಡುತ್ತದೆ.

"ನಿನ್ನ ಶೇವಿಗಿ ಮೋಟರ್ ಬಗ್ಗೆ ಹೇಳಾಕತ್ತೈತಿ! ಬರ್ರ್ ಅಂತ ಹಚ್ಚತಿ, ಮನೀ ಕರೆಂಟ್ ಎಲ್ಲಾ ಎಳಕೊಂಡು ಇದರ ತಲಿ ಖಾಲಿ ಮಾಡೇತಿ ಅದು. ಇವತ್ತಿನಿಂದ ಮೋಟರ್ ಬಂದ್!"

"ಬ್ಯಾಸಗ್ಯಾಗ ಶೇವಿಗಿ ಬಂದ್ ಮಾಡಂದ್ರ ಹೆಂಗ್ರಿ? ರವಾ ತಂದಿಟ್ಟೀನಿ!"

"ರವಾದ್ದ ಉಪ್ಪಿಟ್ಟ ಮಾಡು."

ರೇವವ್ವ ಸೆರಗು ಸಿಕ್ಕಿಸಿಕೊಂಡಳು. ಅವಳು ಸೆರಗು ಸಿಕ್ಕಿಸಿಕೊಂಡಳೆಂದರೆ ಮಾತು ಪಕ್ಕಾ ಆಗುತ್ತದೆ ಎಂದು ಮಡಿವಾಳೆಪ್ಪನಿಗೆ ಗೊತ್ತಿತ್ತು.

"ಆತು. ಯುಗಾದಿ ಅಮಾಸಿ ಪೂಜಾ ಹೊತ್ತಿಗೆ ಇದು ಮೊದಲಿನಂಗ ಕನ್ನಡದಾಗ ಪಟ್ಟಿ ಹೊಡೀಬೇಕು. ಹೊಡದ್ರ ಕೋಣಿ ನಿಮ್ದ, ನಾ ಬಾಯಿ ತಗಿಯಂಗಿಲ್ಲ. ಹೊಡೀಲಿಲ್ಲಂದ್ರ ಕೋಣಿ ನಂದು. ಇದನ್ನ ಒಯ್ದು ಜ್ವಾಳದ ಚೀಲದ ಮ್ಯಾಲ ಇಡ್ರಿ."

ಜೋಳದ ಚೀಲದ ಮೇಲೆ ಕುಳಿತ ಕಂಪ್ಯೂಟರನ್ನು ಬಾಜು ಅಂಗಡಿಯ ಗುಡದಪ್ಪ ನೋಡಿದರೆ ಮುಗಿಯಿತು. ಪೇಟೆಯಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ. ಮಡಿವಾಳೆಪ್ಪ ಹುಬ್ಬಳ್ಳಿಯ ಇಮಾಮುದ್ದೀನನಿಗೆ ಫೋನು ಹಚ್ಚಿದ.

"ಏನೂ ಅಂಜಬ್ಯಾಡ್ರಿ ಸಾವಕಾರ್ರ," ಎಂದ ಇಮಾಮುದ್ದೀನ. "ಎಲ್ಲಾ ಹೊಸದಾಗಿ ಹಾಕಬೇಕಾಗತೈತಿ. ನಾ ಕೊಟ್ಟ ಫ್ಲಾಪಿ ಡಬ್ಬಿ ಐತಲ್ರಿ? ನಾ ಹೇಳತೀನಿ, ನೀವು ಮಾಡ್ರಿ."

ಫೋನು ಇದ್ದುದು ಅಂಗಡಿಯಲ್ಲಿ, ಕಂಪ್ಯೂಟರು ಇದ್ದುದು ಒಳಗೆ, ನಡುವೆ ಪಡಸಾಲೆ. ಹೀಗಾಗಿ ಇಮಾಮುದ್ದೀನ ಹೇಳಿದ್ದನ್ನು ಮಡಿವಾಳೆಪ್ಪ ಅಂಗಡಿಯಿಂದ ಒದರಬೇಕು, ಒಳಗೆ ರೇವವ್ವ ಅದನ್ನು ಒತ್ತಬೇಕು, ಪರದೆಯ ಮೇಲೆ ಬಂದಿದ್ದನ್ನು ಓದಿ ಅವಳು ಒದರಬೇಕು. ಜಗಳವಾಡಿಕೊಂಡು ಮಾತು ಬಿಟ್ಟಿದ್ದ ದಂಪತಿಗಳು ಒದರುವುದನ್ನು ಮಾತ್ರ ಬಿಟ್ಟಿರಲಿಲ್ಲ.

"ಮೊದಲನೇ ಫ್ಲಾಪಿ ಹಾಕು!"

"ಹಾಕಿದೆ! ಗರ್ರ್ ಅನ್ನಾಕತ್ತೈತಿ!"

"ಅದ ಗರ್ರ್ ಅಂತೈತೋ, ನೀ ಅಂತಿಯೋ?"

"ಇನ್ನೊಮ್ಮಿ ಕೇಳಿದ್ರ ಇಬ್ಬರೂ ಅಂತೀವಿ!"

ಹಳೆಯದನ್ನೆಲ್ಲ ತೊಳೆದು, ಹೊಸ ವ್ಯವಸ್ಥೆಯನ್ನು ಒಂದೊಂದೇ ಫ್ಲಾಪಿಯಿಂದ ಒಳಗೆ ತುಂಬಿ, ಸಂಜೆಯಾಗುವಷ್ಟರಲ್ಲಿ ಕಂಪ್ಯೂಟರು ಕಣ್ಣು ತೆರೆಯಿತು. ಪಟ್ಟಿ ಬರೆಯುವ ಪ್ರೋಗ್ರಾಮೂ ಕುಳಿತುಕೊಂಡಿತು. ಮಡಿವಾಳೆಪ್ಪ ಗುಡದಪ್ಪನ ಅಂಗಡಿಗೆ ಹೋಗಿ "ನಾನ ಸ್ವತಾ ಕುಂತು ಎಲ್ಲಾ ಹೊಸದ ಹಾಕಿದೆ ನೋಡಪಾ" ಎಂದು ಚಹ ಕುಡಿದು ಬಂದ.

ಬಂದು ಪ್ರಿಂಟರು ಚಾಲು ಮಾಡಿದರೆ ಕಾಗದದ ಮೇಲೆ ಕನ್ನಡವಿಲ್ಲ, ಇಂಗ್ಲಿಷೂ ಇಲ್ಲ. ಚುಕ್ಕಿ, ಗೀಟು, ಅಡ್ಡತಿಡ್ಡ ಕೊಂಡಿ. ರೇವವ್ವ ಅದನ್ನು ಹಿಡಿದು ನೋಡಿ, "ಶೇವಿಗಿ ತುಂಡ ಇದ್ದಾಂಗ ಅದಾವ. ಇದಕ್ಕೂ ಶೇವಿಗಿ ಕೋಣಿ ಅಂತ ಗೊತ್ತಾಗೇತಿ," ಎಂದಳು.

ಮತ್ತೆ ಫೋನು. "ಅದಕ್ಕ ಡ್ರೈವರ್ ಬೇಕ್ರಿ ಸಾವಕಾರ್ರ," ಎಂದ ಇಮಾಮುದ್ದೀನ. "ಡ್ರೈವರ್ ಅಂದ್ರ ಸಣ್ಣ ಪ್ರೋಗ್ರಾಂ. ನಿಮ್ಮ ಅಡತಿ ಇದ್ದಾಂಗ. ಕಂಪ್ಯೂಟರ್ ಹೇಳಿದ್ದು ಪ್ರಿಂಟರಿಗೆ ತಿಳಿಯಂಗಿಲ್ಲ, ನಡುವ ನಿಂತು ಇದು ತಿಳಿಸಿ ಹೇಳತೈತಿ."

ನಡುವೆ ದಲಾಲಿ ಇಲ್ಲದೆ ಯಾವ ವ್ಯವಹಾರವೂ ನಡೆಯದು ಎನ್ನುವುದು ಕೇಳಿ ಮಡಿವಾಳೆಪ್ಪನಿಗೆ ಕಂಪ್ಯೂಟರಿನ ಮೇಲೆ ಗೌರವ ಇಮ್ಮಡಿಯಾಯಿತು.

"ಯಾವ ಡ್ರೈವರ್ ಹಾಕೂಣು?"

"ಕಡೀ ಫ್ಲಾಪ್ಯಾಗ ಹತ್ತಾರು ಅದಾವ್ರಿ, ಒಂದೊಂದು ಪ್ರಿಂಟರಿಗೆ ಒಂದೊಂದು. ನಿಮ್ಮದಕ್ಕ ಹೊಂದೂದು ನಾನ ಬ್ಯಾರೆ ಮಾಡಿ ಇಟ್ಟೇನಿ. ಹೆಸರು ಏನ ಇಟ್ಟಿದ್ನೋ ನೆನಪ ಹಾರೇತ್ರಿ. ಎಲ್ಲಾ ಓದಿಸ್ರಿ, ಕೇಳಿದ್ರ ನೆನಪಾಗತೈತಿ."

ರೇವವ್ವ ಒಳಗಿನಿಂದ ಒಂದೊಂದೇ ಹೆಸರು ಒದರಿದಳು. ಮಡಿವಾಳೆಪ್ಪ ಅದನ್ನು ಫೋನಿಗೆ ಒದರಿದ. ಇಮಾಮುದ್ದೀನ ಪ್ರತಿಯೊಂದಕ್ಕೂ "ಅದಲ್ರಿ" ಎಂದ. ಕೊನೆಗೆ "ಹಂಗಾರ ಒಂದೊಂದ ಹಾಕಿ ನೋಡ್ರಿ" ಎಂದು ಫೋನು ಇಟ್ಟ.

ಹಾಕಿ ನೋಡಿದರು. ಒಂದು ಡ್ರೈವರು ಹಾಳೆಯನ್ನೆಲ್ಲ ಕಪ್ಪು ಮಾಡಿತು. ಇನ್ನೊಂದು ಬರೆಯುವುದನ್ನು ಬಿಟ್ಟು ಬರೀ ಕಾಗದ ಹೊರಗೆ ನೂಕಿತು. ಮತ್ತೊಂದು ಕೀಂ ಎಂದು ಕಿರುಚಿತು, ಮೈಮೇಲೆ ಬಂದವರ ಹಾಗೆ. ದಿನಕ್ಕೆರಡು ಸಲ ರೇವವ್ವ ಅದೇ ಹೆಸರುಗಳನ್ನು ಓದುವುದು, ಮಡಿವಾಳೆಪ್ಪ ತಲೆ ಕೆರೆದುಕೊಳ್ಳುವುದು. ಇತ್ತ ಮೋಟರು ಬಂದಾಗಿ ರವೆ ಡಬ್ಬಿಯಲ್ಲೇ ಕುಳಿತಿತ್ತು, ಅತ್ತ ರೇವವ್ವ ಕೋಣೆಯ ಉದ್ದಗಲ ಸೀರೆಯ ಸೆರಗಿನಿಂದ ಅಳೆಯತೊಡಗಿದ್ದಳು. ಅದನ್ನು ನೋಡಿದಾಗೊಮ್ಮೆ ಮಡಿವಾಳೆಪ್ಪ ಇನ್ನೊಂದು ಡ್ರೈವರು ಹಾಕಿ ನೋಡುತ್ತಿದ್ದ. ನಿಜ ಹೇಳಬೇಕೆಂದರೆ ಅವನಿಗೆ ಕೋಣೆಗಿಂತ ಹೆಚ್ಚು ಬೇಕಾದದ್ದು ಇನ್ನೊಂದಿತ್ತು. ದಿನವೂ ಸಂಜೆ ಆ ಕೋಣೆಯಲ್ಲಿ ಅವಳು ಬಾಜು ಕುಳಿತು ಓದುವುದು, ಅವನು ಒತ್ತುವುದು ನಡೆಯುತ್ತಿತ್ತಲ್ಲ, ಅದು. ಬಾಯಿಬಿಟ್ಟು ಹೇಳಿದರೆ ಸಾವಕಾರಿಕೆಗೆ ಶೋಭೆಯಲ್ಲ ಎಂದು ಹೇಳಿರಲಿಲ್ಲ.

ಅಮಾವಾಸ್ಯೆ ಬಂದೇ ಬಂತು. ಸಂಜೆ ಅಂಗಡಿಯಲ್ಲಿ ತಕ್ಕಡಿಗೆ ವಿಭೂತಿ ಹಚ್ಚಿ, ಹೂವೇರಿಸಿ, ಕಾಯಿ ಒಡೆದಾಯಿತು. ಪೇಟೆಯ ಮಂದಿ ಪ್ರಸಾದಕ್ಕೆ ಸೇರಿದರು. ಗುಡದಪ್ಪ ಕೊಬ್ಬರಿ ಅಗಿಯುತ್ತ, "ಏನ್ ಸಾವಕಾರ್ರ, ಪಟ್ಟಿ ಹೊಡೀತೋ ಇಲ್ಲೋ ನಿಮ್ಮ ಮಷೀನು? ಇಲ್ಲಾಂದ್ರ ನನ್ನ ಅಂಗಡ್ಯಾಗ ಒಂದ ಖಾಲಿ ಚೀಲ ಐತಿ, ಮುಚ್ಚಾಕ ಬರತೈತಿ," ಎಂದ. ಎಲ್ಲರೂ ನಕ್ಕರು. ಮಡಿವಾಳೆಪ್ಪ ಕೊನೆಯ ಪ್ರಯತ್ನವೆಂದು ಇಮಾಮುದ್ದೀನನಿಗೆ ಫೋನು ಹಚ್ಚಿ, ಒಳಗೆ ಕೂಗಿದ.

"ಇನ್ನೊಮ್ಮಿ ಓದಬೇ! ಒಂದೂ ಬಿಡದಂಗ ಓದು!"

ರೇವವ್ವ ಓದಿದಳು. ಅದೇ ಹೆಸರುಗಳು. "ಅದಲ್ರಿ, ಅದಲ್ರಿ" ಎಂದು ಇಮಾಮುದ್ದೀನನೂ ದಣಿದ. "ಇರಾಕ ಬೇಕ್ರೀ! ನಾನ ಕೈಯಾರೆ ಹಾಕೇನಿ. ಎಷ್ಟ ಅದಾವ ಕೇಳ್ರಿ. ಒಟ್ಟ ಹನ್ನೆರಡು ಇರಬೇಕು."

"ಏ, ಎಷ್ಟ ಅದಾವ ಎಣಸು!"

ರೇವವ್ವ ಪರದೆಯ ಮೇಲೆ ಬೆರಳಿಟ್ಟು ಎಣಿಸಿದಳು. ಆಮೇಲೆ ಸಣ್ಣ ದನಿಯಲ್ಲಿ, "ಹನ್ನೆರಡ ಅದಾವ್ರಿ."

"ನೀ ಓದಿದ್ದು ಹನ್ನೊಂದು! ಇನ್ನೊಂದ ಎಲ್ಲಿ ಹೋತು?"

"ಅದನ್ನ ನಾ ಓದಂಗಿಲ್ರಿ."

"ಯಾಕ?"

"ಹೆಂಗ ಓದ್ಲಿ? ನಿಮ್ಮ ಹೆಸರ ಐತಿ."

ಅಂಗಡಿಯಲ್ಲಿ ಕೊಬ್ಬರಿ ಅಗಿಯುವ ಸದ್ದು ನಿಂತಿತು. ಮಡಿವಾಳೆಪ್ಪ ಫೋನನ್ನು ಗುಡದಪ್ಪನ ಕೈಗೆ ತುರುಕಿ ಒಳಗೆ ಓಡಿದ. ರೇವವ್ವ ಪರದೆಗೆ ಬೆರಳು ತೋರಿಸಿ, "ಇಂಗ್ಲಿಷಿನ್ಯಾಗ ಎಂಟ ಅಕ್ಷರ ಅಷ್ಟ ಹಿಡೀತೈತಂತ ಕಡೀಗೆ ‘ಪ್ಪ’ ಬಿಟ್ಟಾರ. ಆದ್ರೂ ನಿಮ್ದ ಅಲ್ಲೇನು?" ಎಂದಳು.

"ಇಷ್ಟ ದಿನ ಯಾಕ ಹೇಳಲಿಲ್ಲ ನೀ?"

"ಪಾತ್ರಿ ಮ್ಯಾಲ ಹೆಸರ ಹೊಡಸತೀವಲ್ರಿ, ಹಂಗ ಮಾಲಕರ ಹೆಸರ ಹೊಡಸ್ಯಾರ ಅಂತ ತಿಳಕೊಂಡಿದ್ದೆ. ಪಾತ್ರಿ ಎಣಸುವಾಗ ಯಾರರೇ ಹೆಸರ ಓದತಾರೇನು?"

ಅತ್ತ ಫೋನಿನಲ್ಲಿ ಗುಡದಪ್ಪನಿಂದ ಸುದ್ದಿ ಕೇಳಿ ಇಮಾಮುದ್ದೀನ ಕುಣಿದಾಡಿದ. "ಹಾಂ! ಅದ, ಅದ! ಸಾವಕಾರ್ರಿಗೆ ಮಾನ ಕೊಟ್ಟಂಗ ಆಗಲಿ ಅಂತ ಅವರ ಹೆಸರ ಇಟ್ಟಿದ್ದೆ!"

ಈಗ ಪೇಟೆಯ ಮಂದಿ ಬಿಡುತ್ತಾರೆಯೇ? ಪಡಸಾಲೆಯವರೆಗೆ ಬಂದು ನಿಂತರು. "ಒಡಪ ಕಟ್ಟಿ ಗಂಡನ ಹೆಸರ ಹೇಳಬೇಕ್ರೀ ಅಕ್ಕಾರ! ಹೇಳದ ಡ್ರೈವರ್ ಹಾಕಂಗಿಲ್ಲ!" ಎಂದು ಗುಡದಪ್ಪ ಫೋನನ್ನು ವಾಯರು ಬರುವಷ್ಟು ದೂರ ಎಳೆದು ಹಿಡಿದ, ಹುಬ್ಬಳ್ಳಿಗೂ ಕೇಳಲೆಂದು. ರೇವವ್ವ ಮದುವೆಯ ದಿನದ ಹಾಗೆ ಕೆಂಪಾದಳು. ಸೆರಗು ಬಾಯಿಗೆ ಅಡ್ಡ ಹಿಡಿದು ಹೇಳಿದಳು:

"ಕಂಪ್ಯೂಟರಿನ ಅಕ್ಷರ ಹಸಿರ, ಓದಬಾರದಂತ ಹಿಡದಿದ್ದೆ ಉಸಿರ,
ಊರೆಲ್ಲಾ ಹುಡುಕಿದ ಡ್ರೈವರಿಗೆ ಮಡಿವಾಳೆಪ್ಪನವರ ಹೆಸರ!"

ಓಹೋ ಎಂದು ಕೇಕೆ ಬಿತ್ತು. ಮಡಿವಾಳೆಪ್ಪ ತನ್ನ ಹೆಸರನ್ನು ತಾನೇ ಒತ್ತಿದ. ಪ್ರಿಂಟರು ಒಮ್ಮೆ ಗಂಟಲು ಸರಿಪಡಿಸಿಕೊಂಡು ದುಂಡು ದುಂಡು ಕನ್ನಡದಲ್ಲಿ ಪಟ್ಟಿ ಹೊಡೆಯಿತು. ಅವನು ಅದನ್ನು ಹರಿದು ಎಲ್ಲರ ಮುಂದೆ ಆಡಿಸಿದ. ಕೋಣೆ ಉಳಿಯಿತು, ಮಾನ ಉಳಿಯಿತು. ಅಷ್ಟಕ್ಕೇ ಫೋನು ಇಟ್ಟಿದ್ದರೆ ಈ ಕಥೆ ಇಲ್ಲಿಗೇ ಸುಖಾಂತವಾಗಿ ಮುಗಿಯುತ್ತಿತ್ತು.

ರೇವವ್ವ ಫೋನು ಕೈಗೆ ತೆಗೆದುಕೊಂಡಿದ್ದಳು.

"ಅಲ್ರೀ ಇಮಾಮುದ್ದೀನ, ಇನ್ನ ನಾ ಶೇವಿಗಿ ಮೋಟರ್ ಹಚ್ಚಬಹುದೇನು? ಮತ್ತ ಕರೆಂಟ್ ಎಳದು ಒಳಗಿನವೆಲ್ಲ ಅಳಿಸಿಬಿಟ್ರ?"

"ಎಲ್ಲೀ ಮಾತು ಅಕ್ಕಾರ? ಆ ಫೈಲು ಹುಡುಕಿ ಹುಡುಕಿ ಅಳಸಾಕ ಮೋಟರಿಗೇನು ಗೊತ್ತಾಗತೈತ್ರಿ? ಅದು ಕೈಲೆ ಒತ್ತಿ ಅಳಿಸಿದ್ದು. ಆ ಹುಕುಂ ನಾ ನಿಮ್ಮ ಮನ್ಯಾಗ ಒಬ್ಬರಿಗಷ್ಟ ಕಲಿಸೇನಿ."

ರೇವವ್ವ ಫೋನು ಮೆಲ್ಲಗೆ ಇಟ್ಟಳು. ಮಡಿವಾಳೆಪ್ಪ ಪಟ್ಟಿಯನ್ನು ಮಡಚುತ್ತ ನಿಂತ. ಅದು ಅಷ್ಟು ಸಲ ಮಡಚುವಷ್ಟು ದೊಡ್ಡದಿರಲಿಲ್ಲ.

"ಗೋದಾಮು ಹಸನ ಮಾಡಿದೆ..." ಎಂದ, ಬಾಯೊಳಗೇ.

"ಕೋಣಿ ನಿಮ್ದ ರೀ," ಎಂದಳು ರೇವವ್ವ, ಜೇನಿನಂಥ ದನಿಯಲ್ಲಿ. "ಆಡಿದ ಮಾತು ಆಡಿದ್ದ. ನಾ ಬಾಯಿ ತಗಿಯಂಗಿಲ್ಲ. ಆದ್ರ ಆ ಮೋಟರಿನ ಮ್ಯಾಲ ಸುಳ್ಳ ಆರೋಪ ಬಂದೈತಿ. ಪಾಪ, ಅದಕ್ಕ ಈ ವರ್ಷ ವಿಶ್ರಾಂತಿ ಕೊಡೂಣು."

ಯುಗಾದಿಯ ಮರುದಿನದಿಂದ ಕನ್ನಡದ ಪಟ್ಟಿ ನೋಡಲು ಮತ್ತೆ ಮಂದಿ ಬರತೊಡಗಿದರು. ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಯಾರೂ ಇರುತ್ತಿರಲಿಲ್ಲ. ಪಡಸಾಲೆಯಲ್ಲಿ ಮಡಿವಾಳೆಪ್ಪ ಧೋತರ ಎತ್ತಿ ಕಟ್ಟಿ, ಬೆವರು ಒರೆಸಿಕೊಳ್ಳುತ್ತ, ಶೇವಿಗೆ ಮಷೀನಿನ ಹಿಡಿಕೆ ತಿರುವುತ್ತಿದ್ದ. ಬಾಜು ಕುಳಿತ ರೇವವ್ವ ಇಳಿದ ಎಳೆಗಳನ್ನು ಎತ್ತಿ ಗಳಕ್ಕೆ ಹಾಕುತ್ತ, ನಡುನಡುವೆ ಅವನ ಬಾಯಿಗೆ ಬೆಲ್ಲದ ಚೂರು ಇಡುತ್ತಿದ್ದಳು.

ಒಂದು ದಿನ ಗುಡದಪ್ಪ ಬಂದು ಕಣ್ಣರಳಿಸಿ ನಿಂತ. "ಅಕ್ಕಾರ, ಮೋಟರ್ ಇಲ್ಲದ ಭಾರಿ ಓಡಾಕತ್ತೈತಲ್ರಿ ಇದು! ಇದಕ್ಕ ಯಾವ ಡ್ರೈವರ್ ಹಾಕೀರಿ?"

ರೇವವ್ವ ಸೆರಗು ಸರಿಮಾಡಿಕೊಂಡಳು.

"ಇದಕ್ಕೂ ಅದ ಹೆಸರಿನ ಡ್ರೈವರ್ ಹೊಂದಿಕಿ ಆತ್ರಿ."